ಹೆಸರು ತೊಳೆದುಹೋದ ಮಿಡಿಗಿಡಗಳು

ನಮ್ಮ ಮನೆಯ ಬೇಣದಲ್ಲಿ ಮೂರು ಮಾವಿನ ಗಿಡಗಳಿವೆ. ಮೂರೂ ಆಳೆತ್ತರ ದಾಟಿವೆ, ಚೆನ್ನಾಗಿ ಚಿಗುರುತ್ತವೆ. ಆದರೆ ಅವು ಯಾವ ಜಾತಿಯವು ಎನ್ನುವುದು ನೆಟ್ಟ ಅಪ್ಪಯ್ಯನಿಗೂ ಗೊತ್ತಿಲ್ಲ, ಬೇಸಿಗೆಯಲ್ಲಿ ಕೊಡಪಾನ ಹೊತ್ತು ನೀರು ಹಾಕಿದ ಅಮ್ಮನಿಗೂ ಗೊತ್ತಿಲ್ಲ. ಗೊತ್ತಿರಬೇಕಾಗಿದ್ದುದು ಅವುಗಳ ಕೊರಳಲ್ಲಿ ತೂಗುತ್ತಿದ್ದ ಲೇಬಲ್‌ಗಳಿಗೆ. ಆ ಲೇಬಲ್‌ಗಳನ್ನು ಪುಣೆಯಲ್ಲಿ ಪ್ರಿಂಟ್ ಮಾಡಿ, ಲ್ಯಾಮಿನೇಟ್ ಮಾಡಿಸಿ, ರಾತ್ರಿ ಬಸ್ಸಿನಲ್ಲಿ ಊರಿಗೆ ಹೊತ್ತು ತಂದವನು ನಾನು.

ನಮ್ಮದು ಸಾಗರದ ಕಡೆಯ ಹಳ್ಳಿ. ಅಪ್ಪೆಮಿಡಿ ಅಂದರೆ ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಮಲೆನಾಡಿನ ಹೊಳೆ, ಹಳ್ಳಗಳ ದಂಡೆಯಲ್ಲಿ ತಾವಾಗಿಯೇ ಹುಟ್ಟಿ ಬೆಳೆದ ಮಾವಿನ ಮರಗಳ ಎಳೆಗಾಯಿ ಅದು. ಉಪ್ಪಿನಕಾಯಿಗೆ ಅದರಷ್ಟು ಪರಿಮಳದ ಇನ್ನೊಂದು ಮಿಡಿ ಇಲ್ಲ ಎಂಬುದು ನಮ್ಮ ಕಡೆಯವರ ಅಭಿಪ್ರಾಯ, ನನ್ನದೂ ಹೌದು. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. ಬೀಜದಿಂದ ಹುಟ್ಟಿದ ಸಸಿ ತಾಯಿಮರದ ರುಚಿಯನ್ನೇ ತರುತ್ತದೆ ಎಂಬ ಖಾತರಿ ಇಲ್ಲವಾದ್ದರಿಂದ ಒಂದೊಂದು ಮರವೂ ಒಂದೊಂದು ಜಾತಿಯಿದ್ದ ಹಾಗೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಹೀಗೆ ಹೆಸರು ಮಾಡಿದವು ಕೆಲವು. ಮನೆಯವರ ಮತ್ತು ನೆಂಟರ ನಾಲಿಗೆಗೆ ಮಾತ್ರ ಗೊತ್ತಿರುವವು ನೂರಾರು. ಆ ರುಚಿ ಮುಂದಿನವರಿಗೂ ಸಿಗಬೇಕಾದರೆ ಆ ಮರದ ಕಡ್ಡಿ ತಂದು ಕಸಿ ಕಟ್ಟಬೇಕು, ಬೇರೆ ದಾರಿ ಇಲ್ಲ.

ಕಸಿಗಿಡ ಕಾಯಿ ಬಿಡಲು ನಾಲ್ಕೈದು ವರ್ಷ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಅಲ್ಲಿಯ ತನಕ ಎಲ್ಲವೂ ಬರೀ ಮಾವಿನ ಗಿಡ. ಆ ವರ್ಷಗಳಲ್ಲಿ ಗಿಡದ ಗುರುತು ಎಂದರೆ ಅದಕ್ಕೆ ಕಟ್ಟಿದ ಚೀಟಿಯೊಂದೇ. ಚೀಟಿ ಹೋದರೆ ಗಿಡ ಸಾಯುವುದಿಲ್ಲ, ಆದರೆ ಯಾವ ಕಾರಣಕ್ಕೆ ನೆಟ್ಟೆವೋ ಆ ಕಾರಣ ಹೋಗುತ್ತದೆ.

2018ರ ಜೂನ್‌ನಲ್ಲಿ ಅಪ್ಪಯ್ಯ ಹನ್ನೆರಡು ಕಸಿಗಿಡ ನೆಟ್ಟರು. ಜೀರಿಗೆ ಮೂರು, ಅನಂತಭಟ್ಟನ ಅಪ್ಪೆ ಮೂರು, ಮಾಳಂಜಿ ಎರಡು, ಅತ್ತೆಮನೆಯ ಮರದ್ದು ಎರಡು. ಇನ್ನೆರಡು ನಮ್ಮ ತೋಟದ ಕೆಳಗಿನ ಹಳ್ಳದ ದಂಡೆಯ ಮರದ್ದು. ಅದಕ್ಕೆ ನಮ್ಮ ಮನೆಯಲ್ಲಿ 'ಹಳ್ಳದ ಮಿಡಿ' ಎಂದಷ್ಟೇ ಹೆಸರು. ಅಜ್ಜನ ಕಾಲದಿಂದಲೂ ಮನೆಯ ಭರಣಿ ತುಂಬಿಸಿದ್ದು ಅದೇ ಮರ.

ಅಪ್ಪಯ್ಯ ರಟ್ಟಿನ ಚೂರಿಗೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆದು ದಾರದಲ್ಲಿ ಕಟ್ಟಿದ್ದರು. ಎಂಟೆಕ್ ಮಾಡಿದ ಮಗ ಇರುವಾಗ ಇದೆಂಥ ಚೀಟಿ ಅನ್ನಿಸಿತು. ಪುಣೆಯ ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಹಸಿರು ಅಂಚು, ಕೆಂಪು ಅಕ್ಷರ, ಮೂಲೆಯಲ್ಲೊಂದು ಎಲೆಯ ಚಿತ್ರ ಹಾಕಿ ಹನ್ನೆರಡು ಲೇಬಲ್ ಮಾಡಿದೆ. ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಅಂಚಿಗೆ ಸರಿಯಾಗಿ ಕತ್ತರಿಸಿ, ಪಂಚ್‌ನಿಂದ ತೂತು ಮಾಡಿ ಕಟ್ಟಿದೆ. ರಟ್ಟಿನ ಚೂರುಗಳನ್ನು ಒಲೆಗೆ ಹಾಕಿದೆ. ಅದೊಂದು ಮಾಡಬಾರದಿತ್ತು.

ದೀಪಾವಳಿಗೆ ಹೋದಾಗ ಲ್ಯಾಮಿನೇಷನ್ ಒಳಗೆ ನೀರು ಕೂತು ಕಾಗದ ಕಪ್ಪಗಾಗಿತ್ತು, ಅಕ್ಷರ ಮಾತ್ರ ಓದಲು ಬರುತ್ತಿತ್ತು. ಮರುವರ್ಷದ ಬೇಸಿಗೆಯಲ್ಲಿ ಬಿಸಿಲು ಉಳಿದದ್ದನ್ನು ತಿಂದಿತು. ಮಲೆನಾಡಿನ ಬೇಸಿಗೆಯಲ್ಲಿ ನೀರು ಸಾಕಾಗದೆ ಎರಡು ಗಿಡ ಸತ್ತವು. ಸತ್ತದ್ದು ಯಾವುದು ಎಂದು ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

2019ರ ಆಗಸ್ಟ್ ಮಳೆ ನೆನಪಿರಬಹುದು. ಆ ವಾರ ಹಳ್ಳದ ದಂಡೆ ಕುಸಿದು ಮಿಡಿಮರ ಬುಡಸಮೇತ ಉರುಳಿತು. ಅಪ್ಪಯ್ಯ ಫೋನಿನಲ್ಲಿ ಬೇಸರ ಮಾಡಿಕೊಂಡೇ ಹೇಳಿದರು: "ಹೋಗ್ಲಿ, ಎರಡು ಕಸಿ ಮಾಡಿಟ್ಟಿದ್ದು ಒಳ್ಳೇದಾಯ್ತು." ಮಳೆ ಬಿಟ್ಟ ಮೇಲೆ ಬೇಣಕ್ಕೆ ಹೋಗಿ ನೋಡಿದರೆ ಹತ್ತು ಗಿಡದ ಕೊರಳಲ್ಲೂ ಹಳದಿಗಟ್ಟಿದ ಖಾಲಿ ಚೀಟಿಗಳು. ಎಲೆಯ ಚಿತ್ರದ ಹಸಿರು ಕೂಡ ಉಳಿದಿರಲಿಲ್ಲ.

ಎಲೆ ಹೊಸಕಿ ಮೂಸಿ ಅಪ್ಪಯ್ಯ ಮೂರು ಜೀರಿಗೆಯನ್ನು ಬೇರೆ ಮಾಡಿದರು, ಅದರ ಘಾಟು ಮುಚ್ಚಿಡಲಾಗದ್ದು. ಉಳಿದ ಏಳು ಅವರ ಮೂಗಿಗೂ ಸಿಗಲಿಲ್ಲ. ನಾನು ಮಾತ್ರ ಮಂಚದ ಮೇಲೆ ಕೂತು ಲೆಕ್ಕ ಹಾಕಿದೆ. ಜೀರಿಗೆ ಬಿಟ್ಟರೆ ನೆಟ್ಟದ್ದು ಒಂಬತ್ತು, ಸತ್ತದ್ದು ಎರಡು. ಆ ಎರಡೂ ಹಳ್ಳದ ಮಿಡಿಯೇ ಆಗಿರುವ ಸಾಧ್ಯತೆ 36ರಲ್ಲಿ 1. ಅಂದರೆ ಒಂದಾದರೂ ಬದುಕಿರುವ ಸಾಧ್ಯತೆ 36ರಲ್ಲಿ 35. ಅಪ್ಪಯ್ಯನಿಗೆ ಹೇಳಿದೆ. ಅವರು ಕವಳದ ಬಟ್ಟಲಿನಿಂದ ಕಣ್ಣು ತೆಗೆಯದೆ, "ಲೆಕ್ಕ ಸರಿ ಮಾರಾಯ, ಗಿಡ ಯಾವ್ದು?" ಅಂದರು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಲೇಬಲ್ ಯಾಕೆ ಸೋತಿತು ಎನ್ನುವುದನ್ನಾದರೂ ತಿಳಿಯಬೇಕು ಅನ್ನಿಸಿತು.

ಸೋತದ್ದು ಒಂದು ಕಡೆಯಲ್ಲಲ್ಲ, ಮೂರು ಕಡೆ. ಮೊದಲನೆಯದು ಶಾಯಿ. ಇಂಕ್‌ಜೆಟ್ ಶಾಯಿಯಲ್ಲಿ ಎರಡು ಬಗೆ. ಒಂದು ಡೈ, ಅಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ, ಕುಂಕುಮದ ನೀರಿನ ಹಾಗಲ್ಲ, ಬೀಟ್‌ರೂಟ್ ನೀರಿನ ಹಾಗೆ. ಇನ್ನೊಂದು ಪಿಗ್ಮೆಂಟ್, ಅಂದರೆ ಕರಗದ ಸಣ್ಣ ಕಣಗಳು ನೀರಿನಲ್ಲಿ ತೇಲುವಂಥದ್ದು. ಡೈ ಬಣ್ಣದ ಅಣುಗಳು ಬಿಡಿಬಿಡಿಯಾಗಿರುವುದರಿಂದ ಬಿಸಿಲಿನ ಅತಿನೇರಳೆ ಕಿರಣ ಒಂದೊಂದನ್ನೂ ಸುಲಭವಾಗಿ ಮುರಿಯುತ್ತದೆ. ನೀರು ಬಿದ್ದರೆ ಮತ್ತೆ ಕರಗುತ್ತದೆ. ಪಿಗ್ಮೆಂಟ್ ಕಣದಲ್ಲಿ ಹೊರಪದರ ಕೆಟ್ಟರೂ ಒಳಗಿನದು ಉಳಿಯುತ್ತದೆ. ಕಪ್ಪು ಪಿಗ್ಮೆಂಟ್ ಅಂದರೆ ಹೆಚ್ಚಾಗಿ ಇಂಗಾಲ, ಸರಳವಾಗಿ ಹೇಳಿದರೆ ಮಸಿ. ಮಸಿಗೆ ಬಿಸಿಲು ಏನೂ ಮಾಡಲಾರದು. ನಮ್ಮ ಹಿಂದಿನವರು ತಾಳೆಗರಿಯಲ್ಲಿ ಕಂಠದಿಂದ ಕೊರೆದು ಮಸಿ ಸವರಿದ್ದು ಸುಮ್ಮನೆ ಅಲ್ಲ.

ಮನೆಗಳಲ್ಲಿರುವ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಕೆಲವಕ್ಕೆ ಕಪ್ಪು ಪಿಗ್ಮೆಂಟ್, ಮೂರು ಬಣ್ಣ ಡೈ. ಕೆಲವಕ್ಕೆ ನಾಲ್ಕೂ ಡೈ. ಶಾಯಿ ಬಾಟಲಿಯ ಮೇಲೆ ಅಥವಾ ಪ್ರಿಂಟರ್‌ನ ಕೈಪಿಡಿಯಲ್ಲಿ ಬರೆದಿರುತ್ತದೆ. ಇಲ್ಲದಿದ್ದರೆ ಸಾದಾ ಕಾಗದದಲ್ಲಿ ಪ್ರಿಂಟ್ ತೆಗೆದು ಒಂದು ದಿನ ಒಣಗಿಸಿ, ಒಂದು ಹನಿ ನೀರು ಹಾಕಿ ನೋಡಿ. ಹರಡಿದರೆ ಡೈ. ಇನ್ನೊಂದು ಮೋಸವಿದೆ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ 'ಕಪ್ಪು ಮಾತ್ರ' ಎಂದು ಆರಿಸದಿದ್ದರೆ ಅದು ಕಪ್ಪಿಗೂ ಬಣ್ಣಗಳನ್ನು ಬೆರೆಸಬಹುದು. ಫೋಟೋ ಪೇಪರ್ ಆರಿಸಿದರಂತೂ ಪಿಗ್ಮೆಂಟ್ ಕಪ್ಪನ್ನು ಮುಟ್ಟದೇ ಇರಬಹುದು.

ಎರಡನೆಯದು ಕಾಗದ. ಮೂರನೆಯದು ನನ್ನ ಕತ್ತರಿ. ಲ್ಯಾಮಿನೇಷನ್ ನೀರು ತಡೆಯುವುದು ಎರಡು ಪ್ಲಾಸ್ಟಿಕ್ ಹಾಳೆ ಒಂದಕ್ಕೊಂದು ನೇರವಾಗಿ ಅಂಟಿದ ಕಡೆ ಮಾತ್ರ. ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಕಾಗದ ಬತ್ತಿಯ ಹಾಗೆ ನೀರು ಹೀರುತ್ತದೆ. ಅದಕ್ಕಿಂತ ದಡ್ಡತನದ ಕೆಲಸ ಕಾಗದದ ಮೇಲೆಯೇ ತೂತು ಹೊಡೆದದ್ದು. ಸರಿಯಾದ ಕ್ರಮ ಹೀಗೆ: ಕಾಗದವನ್ನು ಮೊದಲೇ ಅಳತೆಗೆ ಕತ್ತರಿಸಿಕೊಂಡು, ಬಿಡಿಬಿಡಿಯಾಗಿ ಪೌಚ್‌ನೊಳಗೆ ಜೋಡಿಸಿ, ಲ್ಯಾಮಿನೇಷನ್ ಆದ ಮೇಲೆ ಸುತ್ತಲೂ ಅರ್ಧ ಸೆಂಟಿಮೀಟರ್ ಬರೀ ಪ್ಲಾಸ್ಟಿಕ್ ಉಳಿಯುವಂತೆ ಕತ್ತರಿಸಬೇಕು. ಒಂದು ತುದಿಯಲ್ಲಿ ಎರಡು ಸೆಂಟಿಮೀಟರ್ ಬಿಟ್ಟು ತೂತನ್ನು ಅಲ್ಲಿ ಮಾಡಬೇಕು. ಇಷ್ಟು ಗೊತ್ತಿದ್ದಿದ್ದರೆ ನನ್ನ ಹಸಿರು ಅಂಚಿನ ಲೇಬಲ್‌ಗಳು ಒಂದು ಮಳೆಗಾಲ ಹೆಚ್ಚು ಬದುಕುತ್ತಿದ್ದವು. ಬಿಸಿಲಿನ ಕೈಯಿಂದ ಅಲ್ಲ, ನೀರಿನ ಕೈಯಿಂದ ಮಾತ್ರ.

2020ರ ಫೆಬ್ರವರಿಯಲ್ಲಿ ವಾಕಡ್‌ನ ನಮ್ಮ ಫ್ಲ್ಯಾಟಿನ ಪಶ್ಚಿಮ ದಿಕ್ಕಿನ ಬಾಲ್ಕನಿ ಕಂಬಿಗೆ ಎಂಟು ಪಟ್ಟಿ ಕಟ್ಟಿದೆ. ಅಷ್ಟೊತ್ತಿಗೆ ಒಂದು ಹಳೆಯ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಕೊಂಡಿದ್ದೆ. ಪ್ರತಿ ಪಟ್ಟಿಯ ಮೇಲೂ ಒಂದೇ ಹೆಸರು, ಅರ್ಧ ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ದೆ, ಮುಚ್ಚಿದ ಭಾಗದ ಜೊತೆ ಹೋಲಿಸಿ ನೋಡಲು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮೀಟಿಂಗ್ ನಡುವೆ ಬಾಲ್ಕನಿಗೆ ಹೋಗಿ ಪಟ್ಟಿ ನೋಡುವುದು ದಿನದ ಕೆಲಸವಾಯಿತು. ಎದುರು ಮನೆಯ ಕಾಕು ಇದು ಯಾವುದೋ ಹರಕೆ ಎಂದುಕೊಂಡಿದ್ದರಂತೆ.

ಮೊದಲು ಸತ್ತದ್ದು ಕೊರಿಯರ್ ಪೊಟ್ಟಣದ ಮೇಲೆ ಬರುವ ಥರ್ಮಲ್ ಸ್ಟಿಕ್ಕರ್, ಮೂರು ವಾರದಲ್ಲಿ ಬೂದು. ಡೈ ಶಾಯಿಯ ಲ್ಯಾಮಿನೇಟೆಡ್ ಪಟ್ಟಿಯಲ್ಲಿ ಕೆಂಪು ಮೊದಲು ಹೋಯಿತು, ಕಪ್ಪು ಕಂದಾಯಿತು, ಮೇ ಕೊನೆಗೆ ದೆವ್ವದ ನೆರಳಿನಂತಾಯಿತು. ಡೈ ಶಾಯಿಯ ಮೇಲೆ ಬರೀ ಸೆಲ್ಲೊಟೇಪ್ ಹಚ್ಚಿದ್ದು ಜೂನ್‌ನ ಮೊದಲ ಮಳೆಗೆ ಮುಗಿಯಿತು. 'ಪರ್ಮನೆಂಟ್' ಎಂದು ಬರೆದುಕೊಂಡಿದ್ದ ಮಾರ್ಕರ್ ಪೆನ್ನೂ ಬೇಸಿಗೆ ದಾಟುವಷ್ಟರಲ್ಲಿ ತೆಳುವಾಯಿತು. ಆ ಪದ ನೀರಿನ ಬಗ್ಗೆ ಹೇಳಿದ್ದು, ಬಿಸಿಲಿನ ಬಗ್ಗೆ ಅಲ್ಲ. ಪಿಗ್ಮೆಂಟ್ ಕಪ್ಪನ್ನು ಸರಿಯಾಗಿ ಅಂಚು ಬಿಟ್ಟು ಲ್ಯಾಮಿನೇಟ್ ಮಾಡಿದ್ದು ಅಕ್ಟೋಬರ್‌ವರೆಗೂ ಓದಲು ಬಂತು. ಸಾದಾ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿದ್ದರಲ್ಲಿ ಅಕ್ಷರ ಹೊಸತರಂತಿತ್ತು. ಹರಿಯದ ಪ್ಲಾಸ್ಟಿಕ್ ಹಾಳೆಯ ಮೇಲಿನ ಲೇಸರ್ ಪ್ರಿಂಟ್ ಲ್ಯಾಮಿನೇಷನ್ ಇಲ್ಲದೆಯೇ ಹೊಸತರಂತಿತ್ತು.

ಎಂಟನೆಯದನ್ನು ಹೇಳಲು ಸ್ವಲ್ಪ ಸಂಕೋಚ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳವನ್ನು ಉಪ್ಪುಕಾಗದದಿಂದ ಉಜ್ಜಿ ಮಗಳ ಎರಡು ರೂಪಾಯಿಯ ಪೆನ್ಸಿಲ್‌ನಿಂದ ಬರೆದಿದ್ದೆ. ಅದಕ್ಕೆ ಏನೂ ಆಗಿರಲಿಲ್ಲ. ಪೆನ್ಸಿಲ್‌ನ ಗ್ರಾಫೈಟ್ ಕೂಡ ಇಂಗಾಲವೇ ತಾನೆ.

ಲೇಸರ್ ಪ್ರಿಂಟರ್ ಗೆಲ್ಲುವುದಕ್ಕೆ ಕಾರಣ ಅದರಲ್ಲಿ ಶಾಯಿಯೇ ಇಲ್ಲದಿರುವುದು. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ಅದರೊಳಗೆ ಇಂಗಾಲದ ಕಪ್ಪು. ಪ್ರಿಂಟರ್‌ನೊಳಗಿನ ಬಿಸಿ ರೋಲರ್ ಹತ್ತಿರ ಹತ್ತಿರ 200 ಡಿಗ್ರಿ ಶಾಖದಲ್ಲಿ ಅದನ್ನು ಕರಗಿಸಿ ಹಾಳೆಗೆ ಒತ್ತುತ್ತದೆ. ಪ್ಲಾಸ್ಟಿಕ್ ಅಕ್ಷರಕ್ಕೆ ಮಳೆಯ ಹೆದರಿಕೆ ಇಲ್ಲ. ಮನೆಯಲ್ಲಿ ಲೇಸರ್ ಇಲ್ಲದವರು ಜೆರಾಕ್ಸ್ ಅಂಗಡಿಗೆ ಹೋದರೆ ಸಾಕು, ಜೆರಾಕ್ಸ್ ಯಂತ್ರವೂ ಟೋನರ್‌ನದೇ. ಇಂಕ್‌ಜೆಟ್ಟಿನಲ್ಲಿ ಒಂದು ಹಾಳೆ ತೆಗೆದು, ಅದನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಲೇಬಲ್ ಮಾಡಿ.

ಆ ಹರಿಯದ ಹಾಳೆಗೆ ಅಂಗಡಿಗಳಲ್ಲಿ ಎನ್‌ಟಿ ಪೇಪರ್ ಎನ್ನುತ್ತಾರೆ. ವಿಶ್ವವಿದ್ಯಾಲಯಗಳ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದವರಿಗೆ ಅದರ ಸ್ಪರ್ಶ ಗೊತ್ತಿರಬಹುದು. ಪುಣೆಯಲ್ಲಿ ನನಗೆ ಅದು ಸಿಕ್ಕಿದ್ದು ಅಪ್ಪಾ ಬಳವಂತ ಚೌಕದ ಸ್ಟೇಷನರಿ ಸಾಲಿನಲ್ಲಿ, ಹಾಳೆಗೆ ಹದಿನೈದು ರೂಪಾಯಿಯಂತೆ. ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ಇದು ಲೇಸರ್‌ಗೆ ಆಗುವಂಥದ್ದೇ? ಪಾಲಿಯೆಸ್ಟರ್ ಹಾಳೆ 200 ಡಿಗ್ರಿ ತಾಳುತ್ತದೆ. ಪಾಲಿಪ್ರೊಪಿಲೀನ್ 165ರ ಹೊತ್ತಿಗೇ ಕರಗುತ್ತದೆ, ಪಿವಿಸಿ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಮನೆಯಲ್ಲಿ ಬಿದ್ದಿದ್ದ ಇಂಕ್‌ಜೆಟ್ಟಿನ ಪಾರದರ್ಶಕ ಹಾಳೆಯೊಂದನ್ನು ಲೇಸರ್‌ಗೆ ತಿನ್ನಿಸಿದೆ. ಅದು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ರಿಪೇರಿಯವರು ರೋಲರ್‌ಗೆ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ಕನ್ನು ಹಪ್ಪಳದಂತೆ ಕಿತ್ತು ತೋರಿಸಿ, ರೋಲರ್‌ನ ಬೆಲೆ ಹೇಳಿದರು. ಪ್ರಿಂಟರ್ ಕೊಂಡ ಬೆಲೆಯ ಅರ್ಧ.

ಎನ್‌ಟಿ ಹಾಳೆಯ ಮೇಲಿನ ಟೋನರ್‌ಗೆ ಒಂದು ದೌರ್ಬಲ್ಯವಿದೆ: ಉಗುರಿನಿಂದ ಗೀರಿದರೆ ಸಿಪ್ಪೆ ಏಳಬಹುದು. ಗಾಳಿಗೆ ಕಡ್ಡಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆದರೆ ಗಟ್ಟಿಯಾಗುತ್ತದೆ.

ಅಕ್ಷರ ಕನ್ನಡದ್ದಾದರೆ ಇನ್ನೂ ಕೆಲವು ಫಜೀತಿ. 90 ಮಿಲಿಮೀಟರ್ ಉದ್ದ, 25 ಅಗಲದ ಲೇಬಲ್ ಎ4 ಹಾಳೆಯಲ್ಲಿ ಎರಡು ಸಾಲಿನಂತೆ 22 ಕೂರುತ್ತವೆ. ಸ್ಪ್ರೆಡ್‌ಶೀಟ್‌ನಲ್ಲಿ ಹೆಸರು ತುಂಬಿ ಪ್ರಿಂಟ್ ಕೊಟ್ಟೆ. ಸಾಲಿನ ಎತ್ತರ ಇಂಗ್ಲಿಷಿಗೆ ತಕ್ಕಂತೆ ಕೂತಿದ್ದರಿಂದ ಕೆಳಗಿನ ಒತ್ತಕ್ಷರಗಳೆಲ್ಲ ಕತ್ತರಿಸಿಹೋಗಿ 'ಅಪ್ಪೆ' ಎನ್ನುವುದು 'ಅಪೆ' ಆಗಿ ಬಂತು. ಅಮ್ಮ ಅದನ್ನು ಓದಿ ನಕ್ಕಿದ್ದು ಇನ್ನೂ ನಿಂತಿಲ್ಲ. ಸಾಲಿನ ಎತ್ತರ ಧಾರಾಳವಾಗಿರಲಿ, ಅಕ್ಷರ 16 ಪಾಯಿಂಟ್‌ಗಿಂತ ಸಣ್ಣದು ಬೇಡ, ಗೆರೆ ದಪ್ಪಗಿರಲಿ. ತೆಳ್ಳಗಿನ ಗೆರೆಯ ಫಾಂಟ್ ಪರದೆಯ ಮೇಲೆ ಚಂದ, ಪಾಚಿ ಹಿಡಿದ ಲೇಬಲ್ ಮೇಲೆ ಕಾಣದು.

ಕ್ಯೂಆರ್ ಕೋಡ್ ಕೂಡ ಹಾಕಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಸ್ಕ್ಯಾನ್ ಮಾಡಿದರೆ ಗಿಡದ ಇಡೀ ಚರಿತ್ರೆ ಮೊಬೈಲ್‌ನಲ್ಲಿ. ನಮ್ಮ ಬೇಣದಲ್ಲಿ ನೆಟ್‌ವರ್ಕ್ ಬರಬೇಕಾದರೆ ಧರೆ ಹತ್ತಿ ನಿಲ್ಲಬೇಕು. ಧರೆ ಹತ್ತಿದರೆ ಗಿಡ ಕಾಣುವುದಿಲ್ಲ.

ಎನ್‌ಟಿ ಲೇಬಲ್ ಎಂಟು ತಿಂಗಳ ಪರೀಕ್ಷೆ ಪಾಸಾಯಿತು, ನಿಜ. ಆದರೆ ಬೇಕಾಗಿರುವುದು ಎಂಟು ವರ್ಷ, ಅದೂ ವಾರಗಟ್ಟಲೆ ಸೂರ್ಯ ಕಾಣದ ಮಳೆಯಲ್ಲಿ. ಯಾವ ಪ್ಲಾಸ್ಟಿಕ್ಕೂ ಕೊನೆಗೆ ಬಿಸಿಲಿಗೆ ಮುರುಕಲಾಗುತ್ತದೆ. ಹಾಗಾಗಿ ಲೋಹದ ಕಡೆ ತಿರುಗಿದೆ. ಅಲ್ಲಿ ಕೈಹಿಡಿದದ್ದು ಎಂಟೆಕ್‌ನಲ್ಲಿ ಪಾಠದ ಹೊರಗೆ ಕಲಿತ ವಿದ್ಯೆ.

ಎಲೆಕ್ಟ್ರಾನಿಕ್ಸ್ ಓದಿದವರು ಹಾಸ್ಟೆಲ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡಿರುತ್ತಾರೆ. ನಕ್ಷೆಯನ್ನು ಕನ್ನಡಿ ಬಿಂಬದಂತೆ ತಿರುಗಿಸಿ ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಯುವುದು, ತಾಮ್ರದ ಹಲಗೆಯ ಮೇಲೆ ಕವುಚಿಟ್ಟು ಇಸ್ತ್ರಿಪೆಟ್ಟಿಗೆ ಒತ್ತುವುದು, ನೀರಿನಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆಯುವುದು. ಟೋನರ್ ಮತ್ತೆ ಕರಗಿ ಲೋಹಕ್ಕೆ ಅಂಟಿರುತ್ತದೆ. ಆಮೇಲೆ ದ್ರಾವಣದಲ್ಲಿ ಹಾಕಿದರೆ ಟೋನರ್ ಇಲ್ಲದ ಕಡೆ ಲೋಹ ಕರಗುತ್ತದೆ, ಇದ್ದ ಕಡೆ ಉಳಿಯುತ್ತದೆ. ನಕ್ಷೆಯ ಬದಲು 'ಹಳ್ಳದ ಮಿಡಿ' ಎಂದು ಬರೆದರೆ ಅದೇ ಲೇಬಲ್.

ತಗಡು ಸಿಕ್ಕಿದ್ದು ಸಾಗರದ ಪೇಟೆಯ ಒಂದು ಪ್ರೆಸ್‌ನಲ್ಲಿ. ಆಫ್‌ಸೆಟ್ ಮುದ್ರಣಕ್ಕೆ ಬಳಸಿ ಬಿಟ್ಟ ಅಲ್ಯೂಮಿನಿಯಂ ಪ್ಲೇಟ್‌ಗಳು, 0.15ರಿಂದ 0.3 ಮಿಲಿಮೀಟರ್ ದಪ್ಪ, ಗುಜರಿ ಲೆಕ್ಕದಲ್ಲಿ ಕೊಡುತ್ತಾರೆ. ನೀವು ಇ-ಪೇಪರ್‌ನಲ್ಲಿ ಓದುವ ಈ ಪತ್ರಿಕೆಯ ಮುದ್ರಿತ ಪ್ರತಿ ಹೊರಬರುವುದೂ ಅಂಥ ಪ್ಲೇಟಿನಿಂದಲೇ. ಕತ್ತರಿಯಲ್ಲಿ ಕತ್ತರಿಸಬಹುದು. ಮುಂಬದಿಗೆ ಲೇಪನ ಇರುವುದರಿಂದ ಹಿಂಬದಿಯ ಬೋಳು ಮೈಯನ್ನು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ ಬಳಸಿದೆ. ಪ್ರೆಸ್ಸಿನ ಯಜಮಾನರು ನನ್ನ ತಿರುಗುಮುರುಗು ಪ್ರಿಂಟನ್ನು ನೋಡಿ ಸಲೀಸಾಗಿ ಓದಿಬಿಟ್ಟರು, ಹದಿನೈದು ವರ್ಷ ಮೊಳೆ ಜೋಡಿಸಿದವರಂತೆ. ಓದಿ, 'ಮಾಳಂಜಿ'ಯ ಸೊನ್ನೆ ಬಿಟ್ಟುಹೋಗಿದೆ ಎಂದು ತೋರಿಸಿದರು.

ದ್ರಾವಣ ನಮ್ಮ ಅಟ್ಟದ ಮೇಲೇ ಇತ್ತು: ಮೈಲುತುತ್ತ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಮನೆಯಲ್ಲಿ ಅದಕ್ಕೆ ಬರವಿಲ್ಲ. ಬರೀ ಮೈಲುತುತ್ತದ ನೀರು ಅಲ್ಯೂಮಿನಿಯಂಗೆ ಹೆಚ್ಚೇನೂ ಮಾಡುವುದಿಲ್ಲ, ಅದರ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಇರುತ್ತದೆ. ಅಡುಗೆ ಉಪ್ಪು ಸೇರಿಸಿದರೆ ಆ ಪೊರೆ ಒಡೆಯುತ್ತದೆ. ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಉಪ್ಪು ಹಾಕಿದೆ. ತಗಡು ಬಿದ್ದ ಕೂಡಲೇ ಗುಳ್ಳೆ ಏಳುತ್ತದೆ, ನೀರು ಬಿಸಿಯಾಗುತ್ತದೆ, ಕೆಂಪು ತಾಮ್ರದ ಪುಡಿ ಉದುರುತ್ತದೆ. ತಾಮ್ರ ಹೊರಗೆ ಬಂದು ಅಲ್ಯೂಮಿನಿಯಂ ಒಳಗೆ ಹೋಗುವ ಅದಲುಬದಲು. ಏಳುವುದು ಹೈಡ್ರೋಜನ್, ಆದ್ದರಿಂದ ಅಂಗಳದಲ್ಲೇ ಮಾಡಬೇಕು, ಪ್ಲಾಸ್ಟಿಕ್ ಬೇಸಿನ್‌ನಲ್ಲಿ, ಕೈಗೆ ಗವಸು, ಕಣ್ಣಿಗೆ ಕನ್ನಡಕ ಹಾಕಿ. ತಗಡಿನ ಬೆನ್ನಿಗೆ ಟೇಪ್ ಅಂಟಿಸದಿದ್ದರೆ ಎರಡೂ ಕಡೆಯಿಂದ ಕರಗಿ ತೂತು ಬೀಳುತ್ತದೆ. ನನ್ನ ಮೊದಲ ಎರಡು ಹಾಗೇ ಜರಡಿಯಾದವು. ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಬಾರದು, ತಾಮ್ರ ಮೀನಿಗೆ ವಿಷ. ತಗಡಿನ ಚೂರುಗಳನ್ನು ಅದರಲ್ಲೇ ಬಿಟ್ಟು ನೀಲಿ ಬಣ್ಣ ಪೂರ್ತಿ ಹೋಗುವವರೆಗೆ ಕಾದು, ಕೆಳಗೆ ಕೂತದ್ದನ್ನು ಸೋಸಿ ಬೇರೆ ತೆಗೆದಿಟ್ಟೆ.

ಹೊರಗೆ ಬಂದ ಲೇಬಲ್ ನೋಡಲು ಚಂದ. ಬೂದು ಹಿನ್ನೆಲೆ, ಉಬ್ಬಿ ಹೊಳೆಯುವ ಕನ್ನಡ ಅಕ್ಷರ. ಕತ್ತಲಲ್ಲಿ ಬೆರಳಿನಿಂದ ಓದಬಹುದು. ಆದರೆ ಒಂದು ಭಾನುವಾರ ಪೂರ್ತಿ ಹೋಗಿ ಆದದ್ದು ಆರು.

ಅಪ್ಪಯ್ಯ ಇದನ್ನೆಲ್ಲ ಜಗುಲಿಯಲ್ಲಿ ಕೂತು ನೋಡುತ್ತಿದ್ದರು. ಏಳನೆಯದಕ್ಕೆ ತಗಡು ಉಜ್ಜುವಾಗ ಒಂದು ತೆಳ್ಳನೆ ಚೂರನ್ನು ಎತ್ತಿಕೊಂಡು, ಹಳೇ ಪೇಪರ್ ಮಡಚಿ ಅದರ ಮೇಲಿಟ್ಟರು. ನನ್ನ ಸಾದಾ ಪ್ರಿಂಟೊಂದನ್ನು ಮೇಲೆ ಅಂಟಿಸಿ, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಅಕ್ಷರದ ಮೇಲೆ ಒತ್ತಿ ತಿದ್ದಿದರು, ಮಗ್ಗಿ ಸ್ಲೇಟಿನ ಮೇಲೆ ಮಕ್ಕಳು ತಿದ್ದುವ ಹಾಗೆ. ಕಾಗದ ಕಿತ್ತರೆ ತಗಡಿನ ಮೇಲೆ ಅಕ್ಷರ ಕೊರೆದು ಕೂತಿತ್ತು. ಎರಡು ನಿಮಿಷ. ಶಾಯಿ ಇಲ್ಲ, ಟೋನರ್ ಇಲ್ಲ, ಮೈಲುತುತ್ತ ಇಲ್ಲ. ಅಳಿಸಿಹೋಗಲು ಅದರಲ್ಲಿ ಏನೂ ಇಲ್ಲ. ಅತ್ಯಂತ ಕಳಪೆ ಡೈ ಶಾಯಿಯ ಪ್ರಿಂಟರ್ ಕೂಡ ಇದಕ್ಕೆ ಸಾಕು, ಪ್ರಿಂಟ್ ಬಾಳಬೇಕಾದದ್ದು ಎರಡೇ ನಿಮಿಷ. ಈಗ ನಾವು ಮಾಡುವುದು ಇದೇ. ನನಗೆ ಸ್ವಲ್ಪ ಮುಖಭಂಗವಾದದ್ದು ನಿಜ.

ಕಟ್ಟುವುದರಲ್ಲೂ ಕಲಿತದ್ದಿದೆ. ಮೊದಲ ತಗಡುಗಳನ್ನು ಕರೆಂಟಿನ ವೈರ್ ಸುಲಿದು ತಾಮ್ರದ ತಂತಿಯಲ್ಲಿ ಕಟ್ಟಿದ್ದೆ. ಒಂದೇ ಮಳೆಗಾಲದಲ್ಲಿ ತೂತು ದೊಡ್ಡದಾಗಿ ಎರಡು ಉದುರಿದವು. ತಾಮ್ರ, ಅಲ್ಯೂಮಿನಿಯಂ ಒದ್ದೆಯಲ್ಲಿ ಮುಟ್ಟಿಕೊಂಡರೆ ಬ್ಯಾಟರಿಯಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಎಂಟೆಕ್‌ನವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಈಗ ಅಲ್ಯೂಮಿನಿಯಂ ತಂತಿ, ಎರಡು ಬೆರಳು ತೂರುವಷ್ಟು ಸಡಿಲ. ಬಿಗಿದರೆ ಕಾಂಡ ದಪ್ಪವಾದಂತೆ ತಂತಿ ಅದರ ಕತ್ತು ಹಿಸುಕುತ್ತದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಪಾಚಿ ಒರೆಸಿ ಕುಣಿಕೆ ಸಡಿಲಿಸುವುದು ಅಪ್ಪಯ್ಯನ ಕೆಲಸ. ಅದೇ ಸುತ್ತಿನಲ್ಲಿ ಕಸಿಗಂಟಿನ ಕೆಳಗೆ ಹೊಡೆದ ಚಿಗುರನ್ನೂ ಚಿವುಟುತ್ತಾರೆ. ಅದನ್ನು ಬಿಟ್ಟರೆ ಬೇರುಸಸಿ ಮೇಲಿನ ಕಸಿಯನ್ನು ಕೊಂದು ತಾನೇ ಮರವಾಗುತ್ತದೆ, ಲೇಬಲ್ ಅಚ್ಚಳಿಯದೆ ಸುಳ್ಳು ಹೇಳುತ್ತಾ ನಿಂತಿರುತ್ತದೆ.

ಮಂಗಗಳಿಗೆ ಹೊಳೆಯುವ ತಗಡು ಬಲು ಇಷ್ಟ. ಅದಕ್ಕಾಗಿ ಪ್ರತಿ ಗಿಡಕ್ಕೆ ಎರಡು ಲೇಬಲ್: ಕಣ್ಣಿಗೊಂದು, ಮಣ್ಣಿಗೊಂದು. ಎರಡನೆಯದು ಎನ್‌ಟಿ ಹಾಳೆಯದು, ಬುಡದಿಂದ ಒಂದು ಮೊಳ ಉತ್ತರಕ್ಕೆ, ಗೇಣುದ್ದ ಆಳದಲ್ಲಿ ಹೂತದ್ದು. ಅಲ್ಲಿಗೆ ಬಿಸಿಲೂ ಬಾರದು, ಮಂಗವೂ ಬಾರದು. ಮೂರನೆಯದಾಗಿ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬೇಣದ ನಕ್ಷೆ, ಪೆನ್ಸಿಲ್‌ನಲ್ಲಿ.

ಆಮೇಲೆ ನೆಟ್ಟ ಎಲ್ಲ ಕಸಿಗಳಿಗೂ ಹೀಗೆ ಹೆಸರಿದೆ. ಹಳೆಯ ಏಳಕ್ಕೆ ಇವೆಲ್ಲ ತಡವಾಗಿತ್ತು. ಅವು ಕಾಯಿ ಬಿಟ್ಟು ತಾವೇ ಹೇಳಬೇಕಿತ್ತು. 2023ರಲ್ಲಿ ಎರಡು, ಮರುವರ್ಷ ಎರಡು ಹೇಳಿದವು: ಅನಂತಭಟ್ಟನ ಅಪ್ಪೆ ಎರಡು, ಮಾಳಂಜಿ ಒಂದು, ಅತ್ತೆಮನೆಯದು ಒಂದು. ಪ್ರತಿಸಲವೂ ಅಮ್ಮ ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ತಲೆ ಅಲ್ಲಾಡಿಸಿದರು. ನಾನು ಮತ್ತೆ ಲೆಕ್ಕ ಹಾಕಿದೆ. ಸತ್ತ ಎರಡು, ಉಳಿದ ಮೂರು, ಒಟ್ಟು ಐದು. ಅವುಗಳಲ್ಲಿ ಎರಡು ಹಳ್ಳದ ಮಿಡಿ. ಸತ್ತವೆರಡೂ ಅದೇ ಆಗಿರುವ ಸಾಧ್ಯತೆ ಈಗ 36ರಲ್ಲಿ 1 ಅಲ್ಲ, 10ರಲ್ಲಿ 1. ಒಂದೊಂದು ಗಿಡ ಹೆಸರು ಹೇಳಿದಂತೆ ಲೆಕ್ಕ ನಮ್ಮ ವಿರುದ್ಧ ಜರುಗುತ್ತಿದೆ. ಇದನ್ನು ಅಪ್ಪಯ್ಯನಿಗೆ ಹೇಳಿಲ್ಲ.

ಈ ಸಲ ಆ ಮೂರರಲ್ಲಿ ಧರೆಯ ಕಡೆಯದು ಹೂ ಬಿಟ್ಟಿದೆ ಎಂದು ಮೊನ್ನೆ ಫೋನ್ ಬಂತು. ಇಬ್ಬನಿಗೆ ಹೂ ಕರಗದಿದ್ದರೆ ಶಿವರಾತ್ರಿ ಕಳೆದ ಮೇಲೆ ಮಿಡಿ ನೋಡಬಹುದು. ಅಪ್ಪಯ್ಯ ತಗಡು ಕತ್ತರಿಸಿ ತೂತು ಮಾಡಿ, ತಂತಿ ಪೋಣಿಸಿ, ಹೆಸರಿನ ಜಾಗ ಖಾಲಿ ಬಿಟ್ಟು ಜಗುಲಿಯ ಮೊಳೆಗೆ ತೂಗುಹಾಕಿದ್ದಾರಂತೆ. ಅಮ್ಮ 2019ರ ಬೇಸಿಗೆಯಲ್ಲಿ ಉಪ್ಪಿಗೆ ಹಾಕಿದ ಹಳ್ಳದ ಮಿಡಿಯ ಭರಣಿಯೊಂದನ್ನು ಇವತ್ತಿಗೂ ಮುಗಿಸಿಲ್ಲ. ತಳದಲ್ಲಿ ಹತ್ತೋ ಹನ್ನೆರಡೋ ಮಿಡಿ ಉಳಿದಿವೆ. ನೆಂಟರು ಕೇಳಿದರೂ ಕೊಡುವುದಿಲ್ಲ, ನಮಗೂ ಬಡಿಸುವುದಿಲ್ಲ. ಹೊಸ ಮಿಡಿ ಬಂದಾಗ ಪಕ್ಕದಲ್ಲಿಟ್ಟು ಮೂಸಿ ನೋಡುವುದಕ್ಕೆ ಅದು ಬೇಕು.